ಇಂಡೊನೇಷ್ಯಾದ ಹುಡುಗ ಹುಡುಗಿಯರ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲಿಗೆ ಹೋಗಿಬಂದವರು, ಜಕಾರ್ತಾದ ಕಚೇರಿಗಳ ಜೊತೆ ಕೆಲಸ ಮಾಡುವವರು, ಫೋನಿನಲ್ಲಿ ಅಲ್ಲಿಯ ವಿಡಿಯೊ ನೋಡಿ ಕುತೂಹಲ ಹತ್ತಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಮೊದಲು ಸುಲಭದವು, ಆಮೇಲೆ ಕಠಿಣದವು. ಬೆಲೆಗಳೆಲ್ಲ ರುಪಿಯಾದಲ್ಲಿವೆ. 2025ರ ಲೆಕ್ಕದಲ್ಲಿ ನಮ್ಮ ಒಂದು ರೂಪಾಯಿಗೆ ಸುಮಾರು 190 ರುಪಿಯಾ. ಓದುವಾಗ ಎರಡು ಸಂಗತಿ ನೆನಪಿರಲಿ: ಅಲ್ಲಿಯ ನಗರಗಳಲ್ಲಿ ಪುಕ್ಕಟೆ ಕೂರುವ ಜಾಗ ಕಡಿಮೆ, ಹುಡುಗರ ಕೈಯಲ್ಲಿ ಓಡಾಡುವ ದುಡ್ಡೂ ಕಡಿಮೆ. ಅಲ್ಲಿ ಹುಟ್ಟುವ ಬಹುಪಾಲು ಹೊಸ ಅಲೆಗಳು ಈ ಎರಡು ಕೊರತೆಗಳ ನಡುವೆಯೇ ದಾರಿ ಮಾಡಿಕೊಂಡಿವೆ.

## ಮೊದಲ ಪರಿಚಯ

ಅಲ್ಲಿ ಯುವಜನರು ಅಂದರೆ ಎಷ್ಟು ಜನ? ಎಲ್ಲರೂ ಜಕಾರ್ತಾದಲ್ಲೇ ಇದ್ದಾರಾ?

2020ರ ಜನಗಣತಿಯ ಪ್ರಕಾರ ಜನಸಂಖ್ಯೆ 27.02 ಕೋಟಿ. ಅದರಲ್ಲಿ 1997ರಿಂದ 2012ರ ನಡುವೆ ಹುಟ್ಟಿದವರು ಶೇ 27.94, ಅಂದರೆ ಸುಮಾರು ಏಳೂವರೆ ಕೋಟಿ. 1981ರಿಂದ 1996ರ ನಡುವೆ ಹುಟ್ಟಿದವರು ಶೇ 25.87. ಎರಡೂ ಸೇರಿದರೆ ದೇಶದ ಅರ್ಧಕ್ಕಿಂತ ಹೆಚ್ಚು.

ದೇಶದ ಶೇ 56ರಷ್ಟು ಜನ ಜಾವಾ ದ್ವೀಪವೊಂದರಲ್ಲೇ ಇರುವುದರಿಂದ ಸುದ್ದಿಯೂ ಅಲ್ಲಿಂದಲೇ ಹೆಚ್ಚು ಬರುತ್ತದೆ. ಆದರೆ ಜಕಾರ್ತಾದ ದಕ್ಷಿಣ ಭಾಗದ ಹುಡುಗಿ, ಯೋಗ್ಯಕರ್ತಾದ ವಿದ್ಯಾರ್ಥಿ, ಸುಲಾವೆಸಿಯ ಮಕಾಸ್ಸರ್‌ನ ಬೈಕ್ ಚಾಲಕ ಒಂದೇ ತರಹ ಬದುಕುವುದಿಲ್ಲ. 17 ತುಂಬಿದರೆ ಗುರುತಿನ ಚೀಟಿ ಸಿಗುತ್ತದೆ, ಮತವೂ ಸಿಗುತ್ತದೆ.

ನೊಂಗ್‌ಕ್ರೊಂಗ್ ಅಂತಾರಲ್ಲ, ಅದು ಬರೀ ಕಾಲಹರಣ ಅಲ್ವಾ?

ಸ್ನೇಹಿತರು ಗುಂಪಾಗಿ ಕೂತು, ನಿರ್ದಿಷ್ಟ ಕೆಲಸವಿಲ್ಲದೆ ಗಂಟೆಗಟ್ಟಲೆ ಮಾತಾಡುವುದಕ್ಕೆ ಈ ಹೆಸರು. ಕಾಲಹರಣ ಅಂದುಬಿಟ್ಟರೆ ಅದರ ಅರ್ಧ ಕೈತಪ್ಪುತ್ತದೆ. ಕೆಲಸ ಎಲ್ಲಿ ಖಾಲಿ ಇದೆ, ಯಾರ ಬಳಿ ಹಳೆಯ ಬೈಕ್ ಮಾರಾಟಕ್ಕಿದೆ, ನಾಳೆಯ ಪ್ರತಿಭಟನೆಗೆ ಯಾರು ಬರುತ್ತಾರೆ ಎಂಬುದೆಲ್ಲ ಗೊತ್ತಾಗುವುದು ಅಲ್ಲಿಯೇ. ಬ್ಯಾಂಡುಗಳು, ಬಟ್ಟೆ ಬ್ರಾಂಡುಗಳು, ವಿದ್ಯಾರ್ಥಿ ಪತ್ರಿಕೆಗಳು ಹುಟ್ಟಿದ್ದೂ ಇಂಥ ಕಟ್ಟೆಗಳಲ್ಲೇ.

ಕೂರುವ ಜಾಗ ಮುಖ್ಯವಾಗಿ ಮೂರು ಬಗೆ. ವಾರ್ಕೊಪ್ ಅಂದರೆ ಬೆಂಚು ಹಾಕಿದ ಚಿಕ್ಕ ಕಾಫಿ ಅಂಗಡಿ. ಪುಡಿಯ ಪೊಟ್ಟಣ ಹರಿದು ಬಿಸಿನೀರು ಸುರಿದು ಕೊಡುತ್ತಾರೆ. ವಾರ್ಮಿಂಡೊದಲ್ಲಿ ಮೊಟ್ಟೆ ಹಾಕಿದ ಇಂಡೊಮಿ ನೂಡಲ್ಸ್ ಸಿಗುತ್ತದೆ, ಹಲವು ಕಡೆ ರಾತ್ರಿಯಿಡೀ ತೆರೆದಿರುತ್ತದೆ. ಯೋಗ್ಯಕರ್ತಾ ಮತ್ತು ಸೊಲೊ ಕಡೆಯ ಅಂಗ್‌ಕ್ರಿಂಗಾನ್ ಒಂದು ತಳ್ಳುಗಾಡಿ: ಮೇಲೆ ಟಾರ್ಪಾಲು, ಇದ್ದಿಲ ಒಲೆಯ ಮೇಲೆ ಕೆಟಲುಗಳು, ಬಾಳೆಲೆಯಲ್ಲಿ ಕಟ್ಟಿಟ್ಟ ಒಂದೊಂದು ಹಿಡಿ ಅನ್ನ, ಕಡ್ಡಿಗೆ ಚುಚ್ಚಿದ ಗೌಜುಗನ ಮೊಟ್ಟೆ ಮತ್ತು ಕೋಳಿಯ ಕರುಳು, ಹುದುಗಿಸಿದ ಸೋಯಾ ಕಾಳಿನ ಬಿಲ್ಲೆಯಾದ ತೆಂಪೆಯನ್ನು ಕರಿದದ್ದು.

ಅಂಗ್‌ಕ್ರಿಂಗಾನ್‌ನಲ್ಲಿ ಬೇಕಾದ್ದನ್ನು ನೀವೇ ಎತ್ತಿಕೊಂಡು ತಿನ್ನಬೇಕು. ಬೇಕಿದ್ದರೆ ಇದ್ದಿಲ ಮೇಲೆ ಬಿಸಿ ಮಾಡಿಕೊಡುತ್ತಾರೆ. ಎದ್ದು ಹೋಗುವಾಗ ಏನೇನು ತಿಂದಿರಿ ಎಂದು ನೀವೇ ಹೇಳುತ್ತೀರಿ, ಅಂಗಡಿಯವನು ಲೆಕ್ಕ ಹಾಕುತ್ತಾನೆ. ಕಡ್ಡಿಗಳನ್ನು ಎಸೆಯದೆ ಇಟ್ಟುಕೊಂಡರೆ ಎಣಿಕೆ ತಪ್ಪುವುದಿಲ್ಲ. ಯೋಗ್ಯಕರ್ತಾದ ತುಗು ರೈಲು ನಿಲ್ದಾಣದ ಹತ್ತಿರ ಉರಿಯುವ ಕೆಂಡವನ್ನೇ ಲೋಟಕ್ಕೆ ಹಾಕಿದ ‘ಕೋಪಿ ಜೋಸ್’ ಕೊಡುತ್ತಾರೆ. ಕೆಂಡ ತಳಕ್ಕಿಳಿದು ಸದ್ದಡಗುವ ತನಕ ತುಟಿಗಿಡಬೇಡಿ. ಸಾಮಾನ್ಯವಾಗಿ ಅವರವರ ದುಡ್ಡು ಅವರವರೇ ಕೊಡುತ್ತಾರೆ. ಹುಟ್ಟುಹಬ್ಬ ಅಥವಾ ಮೊದಲ ಸಂಬಳ ಇದ್ದವರು ಎಲ್ಲರಿಗೂ ಕೊಡಿಸುತ್ತಾರೆ.

ಎಲ್ಲರ ಕೈಯಲ್ಲೂ ಒಂದು ಐಸ್ ಕಾಫಿ ಇರುತ್ತಲ್ಲ, ಅದನ್ನ ಮನೆಯಲ್ಲಿ ಮಾಡೋದು ಹೇಗೆ?

ಅದು ‘ಎಸ್ ಕೋಪಿ ಸುಸು ಗುಲಾ ಆರೆನ್’: ಐಸು, ಕಾಫಿ, ಹಾಲು, ತಾಳೆ ಜಾತಿಯ ಆರೆನ್ ಮರದ ನೀರಾದಿಂದ ಮಾಡಿದ ಬೆಲ್ಲ. ಜಕಾರ್ತಾದ ಚಿಪೆತೆಯಲ್ಲಿ 2015ರಲ್ಲಿ ಶುರುವಾದ ತೊಕೊ ಕೋಪಿ ತುಕು ಇದನ್ನು ಜನಪ್ರಿಯ ಮಾಡಿತು. 2017ರಲ್ಲಿ ಬಂದ ಕೋಪಿ ಕೆನಾಂಗಾನ್ ದೇಶದ ತುಂಬ ಹರಡಿತು. ವಿದೇಶಿ ಮಳಿಗೆಯ ಕಾಫಿಯ ಅರ್ಧದಷ್ಟು ಬೆಲೆ, ಅಂದರೆ 20,000 ರುಪಿಯಾದ ಆಸುಪಾಸು, ಮೊಪೆಡ್ಡಿನಲ್ಲಿ ಮನೆ ಬಾಗಿಲಿಗೆ ಬರುವ ಸೌಲಭ್ಯ: ಗೆದ್ದದ್ದು ಇದರಿಂದ.

ಒಂದು ಲೋಟಕ್ಕೆ: ಗಟ್ಟಿ ಡಿಕಾಕ್ಷನ್ 60 ಮಿಲಿ, ತಣ್ಣನೆಯ ಕೆನೆಭರಿತ ಹಾಲು 120 ಮಿಲಿ, ಬೆಲ್ಲದ ಪಾಕ 20ರಿಂದ 25 ಮಿಲಿ, ಲೋಟದ ತುಂಬ ಐಸು. ಪಾಕ ತಳಕ್ಕೆ, ಮೇಲೆ ಐಸು, ಹಾಲು, ಕೊನೆಗೆ ಡಿಕಾಕ್ಷನ್. ಆರೆನ್ ಬೆಲ್ಲ ಸಿಗದಿದ್ದರೆ ಮಲೆನಾಡಿನ ಜೋನಿಬೆಲ್ಲವನ್ನು ಸ್ವಲ್ಪ ನೀರು ಬೆರೆಸಿ ಕಾಯಿಸಿ ಸೋಸಿಕೊಳ್ಳಿ. ಹೊಗೆಯ ಪರಿಮಳ ಮಾತ್ರ ಬರುವುದಿಲ್ಲ. ಇಂಡೊನೇಷ್ಯಾದಲ್ಲಿ ಹೆಚ್ಚು ಬೆಳೆಯುವುದು ರೊಬಸ್ಟಾ, ಆದ್ದರಿಂದ ಕೊಡಗಿನ ರೊಬಸ್ಟಾ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದರ ಕಹಿ ಹಾಲು ಬೆಲ್ಲದ ನಡುವೆಯೂ ಉಳಿಯುತ್ತದೆ. ಚಿಕೋರಿ ಬೆರೆಸಿದ ಪುಡಿ ಬೇಡ, ಅದರ ಸುಟ್ಟ ಸಿಹಿ ಬೆಲ್ಲದ ರುಚಿಯನ್ನು ನುಂಗುತ್ತದೆ. ಡಿಕಾಕ್ಷನ್ ಬಿಸಿ ಇರುವಾಗಲೇ ಸುರಿದರೆ ಐಸು ಕರಗಿ ನೀರುನೀರಾಗುತ್ತದೆ, ಆರಿಸಿಯೇ ಹಾಕಿ.

ಪುಸ್ತಕ ಓದಿ ಇಂಡೊನೇಷ್ಯನ್ ಕಲಿತೆ. ಹುಡುಗರು ಮಾತಾಡೋದು ಒಂದೂ ಅರ್ಥ ಆಗಲಿಲ್ಲ. ಯಾಕೆ?

ಪುಸ್ತಕದ ಭಾಷೆ ಶಾಲೆ, ಸರ್ಕಾರ, ಸುದ್ದಿಗಳದ್ದು. ಗೆಳೆಯರ ನಡುವಿನದು ಬಹಾಸಾ ಗೌಲ್. ಅದರಲ್ಲಿ ಪದ ಕಟ್ಟುವ ಮೂರು ದಾರಿ ತಿಳಿದರೆ ಅರ್ಧ ಬಾಗಿಲು ತೆರೆದಂತೆ. ಒಂದು, ಎರಡು ಪದದ ತಲೆಗಳನ್ನು ಜೋಡಿಸುವುದು: ‘ಮಾಲಸ್ ಗೆರಾಕ್’ (ಅಲ್ಲಾಡಲು ಸೋಮಾರಿತನ) ‘ಮಾಗೆರ್’ ಆಗುತ್ತದೆ, ‘ಬುಡಾಕ್ ಚಿಂತಾ’ (ಪ್ರೀತಿಯ ಗುಲಾಮ) ‘ಬುಚಿನ್’ ಆಗುತ್ತದೆ. ಎರಡು, ತಿರುಗಿಸುವುದು: ‘ಯುಕ್’ (ಬಾ, ಹೋಗೋಣ) ‘ಕುಯ್’ ಆಗುತ್ತದೆ. ಇಂಥ ಉಲ್ಟಾ ಮಾತಿಗೆ ಪೂರ್ವ ಜಾವಾದ ಮಲಾಂಗ್ ಊರು ಮೊದಲಿಂದಲೂ ಹೆಸರುವಾಸಿ. ಮೂರು, ಇಂಗ್ಲಿಷ್ ಬೆರೆಸುವುದು; ದಕ್ಷಿಣ ಜಕಾರ್ತಾದ ಹುಡುಗರನ್ನು ಉಳಿದವರು ರೇಗಿಸುವುದೇ ಇದಕ್ಕಾಗಿ. ಚಾಟಿನಲ್ಲಿ ‘ವ್ಕ್‌ವ್ಕ್‌ವ್ಕ್’ ಕಂಡರೆ ನಗುತ್ತಿದ್ದಾರೆ ಎಂದರ್ಥ.

ಎಡವುವುದು ಹೆಚ್ಚಾಗಿ ಸರ್ವನಾಮಗಳಲ್ಲಿ. ‘ಗುಎ’ (ನಾನು), ‘ಲು’ (ನೀನು) ಜಕಾರ್ತಾದ ಗೆಳೆಯರ ಮಾತು. ಅದನ್ನೇ ಯೋಗ್ಯಕರ್ತಾದಲ್ಲಿ ಆಡಿದರೆ ಜಂಬದವನಂತೆ ಕೇಳಿಸುತ್ತದೆ, ಹಿರಿಯರೆದುರು ಆಡಿದರೆ ಅಗೌರವ. ಅಪರಿಚಿತರಿಗೆ ‘ಮಾಸ್’ (ಅಣ್ಣ), ‘ಮ್ಬಾಕ್’ (ಅಕ್ಕ) ಅಥವಾ ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ ‘ಕಾಕ್’ ಎನ್ನಿ.

ಬೆಂಗಳೂರಿಗೂ ಅಲ್ಲಿಯ ಆ್ಯಪುಗಳಿಗೂ ಸಂಬಂಧ ಇದೆ ಅಂತಾರೆ, ಹೌದಾ?

ಹೌದು. ಗೊಜೆಕ್ 2010ರಲ್ಲಿ ಬೈಕ್ ಸವಾರಿಯ ಕಾಲ್ ಸೆಂಟರ್ ಆಗಿ ಹುಟ್ಟಿತು, 2015ರ ಜನವರಿಯಲ್ಲಿ ಆ್ಯಪ್ ಬಂತು. ಮುಂದಿನ ವರ್ಷ ಅದು ಭಾರತದ ಎರಡು ಸಾಫ್ಟ್‌ವೇರ್ ಕಂಪನಿಗಳನ್ನು ಕೊಂಡು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರ ತೆರೆಯಿತು. ಜಕಾರ್ತಾದ ಹುಡುಗಿ ಮಧ್ಯರಾತ್ರಿ ಆ್ಯಪಿನಲ್ಲಿ ತರಿಸಿಕೊಂಡ ಮಾರ್ತಾಬಾಕ್ ಎಂಬ ತಿಂಡಿಯ ಹಿಂದೆ ನಮ್ಮ ಊರಿನ ಎಂಜಿನಿಯರುಗಳ ಕೆಲಸವೂ ಇತ್ತು.

ಹಣ ಕೊಡಲು ಕ್ಯೂರಿಸ್ ಎಂಬ ಒಂದೇ ಕ್ಯೂಆರ್ ಕೋಡ್ ಎಲ್ಲ ಆ್ಯಪುಗಳಿಗೂ ನಡೆಯುತ್ತದೆ. ಕೇಂದ್ರ ಬ್ಯಾಂಕು ಅದನ್ನು 2019ರ ಆಗಸ್ಟ್ 17ರಂದು ಹೊರತಂದಿತು.

## ಉಡುಗೆ, ಹಾಡು, ಬೀದಿ

ಚಿತಾಯಾಮ್ ಫ್ಯಾಷನ್ ವೀಕ್ ಅಂದ್ರೆ ಏನು? ಈಗಲೂ ನಡೆಯುತ್ತಾ?

ಈಗ ನಡೆಯುವುದಿಲ್ಲ, ಆದರೂ ಇಡೀ ವಿಷಯವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2022ರ ಜುಲೈ ಹೊತ್ತಿಗೆ ಜಕಾರ್ತಾದ ಹೊರವಲಯದ ಚಿತಾಯಾಮ್, ಬೋಜೊಂಗ್‌ಗೆದೆ, ದೆಪೊಕ್‌ಗಳಿಂದ ಹದಿಹರೆಯದ ಹುಡುಗರು ಸುದಿರ್ಮಾನ್ ನಿಲ್ದಾಣದ ಬಳಿಯ ದುಕುಹ್ ಆತಾಸ್‌ಗೆ ಬಂದು ಸೇರತೊಡಗಿದರು. ಬಡಾವಣೆಯ ಹುಡುಗರು ನಗರದ ಅತಿ ದುಬಾರಿ ಭಾಗಕ್ಕೆ ಬರಲು ಸಾಧ್ಯವಾದದ್ದು ಲೋಕಲ್ ರೈಲಿನಿಂದ: ಮೊದಲ 25 ಕಿಲೋಮೀಟರಿಗೆ 3,000 ರುಪಿಯಾ, ಆಮೇಲೆ ಪ್ರತಿ 10 ಕಿಲೋಮೀಟರಿಗೆ 1,000. ಅಗ್ಗದ ಬಟ್ಟೆಗಳನ್ನೇ ಮೇಲೆ ಕೆಳಗೆ ಹೊಂದಿಸಿ, ರಸ್ತೆ ದಾಟುವ ಪಟ್ಟೆಯನ್ನೇ ವೇದಿಕೆ ಮಾಡಿಕೊಂಡು ನಡೆದರು, ಟಿಕ್‌ಟಾಕ್‌ನಲ್ಲಿ ಹಾಕಿದರು.

ಸುದಿರ್ಮಾನ್ ಕಡೆಯ ಶ್ರೀಮಂತ ವಾಣಿಜ್ಯ ವಲಯಕ್ಕೆ ಎಸ್‌ಸಿಬಿಡಿ ಎಂಬ ಹೆಸರಿದೆ. ಆ ನಾಲ್ಕು ಅಕ್ಷರಗಳಿಗೇ ‘ಸುದಿರ್ಮಾನ್, ಚಿತಾಯಾಮ್, ಬೋಜೊಂಗ್‌ಗೆದೆ, ದೆಪೊಕ್’ ಎಂಬ ಹೊಸ ವಿಸ್ತರಣೆ ಬಂತು. ಆಮೇಲೆ ಆದದ್ದು ಬೇಸರದ ಸಂಗತಿ. ಖ್ಯಾತ ನಟರೂ ಮಾಡೆಲ್‌ಗಳೂ ಅದೇ ಪಟ್ಟೆಯ ಮೇಲೆ ನಡೆದು ವಿಡಿಯೊ ಮಾಡಿಕೊಂಡರು. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಮನರಂಜನಾ ಕಂಪನಿಯೊಂದು ಅರ್ಜಿ ಹಾಕಿ, ಜನ ಬೈದ ಮೇಲೆ ಹಿಂತೆಗೆದುಕೊಂಡಿತು. ಸಂಚಾರಕ್ಕೆ ಅಡ್ಡಿ, ಕಸ ಎಂಬ ಕಾರಣ ಕೊಟ್ಟು ಅಧಿಕಾರಿಗಳು ಗುಂಪನ್ನು ಚದುರಿಸಿದರು. ಕೆಲವೇ ವಾರಗಳಲ್ಲಿ ಎಲ್ಲ ಮುಗಿಯಿತು. ಆ ಹುಡುಗರಿಗೆ ಬೇಕಿದ್ದದ್ದು ಕೂರಲು ಒಂದು ಚೆಂದದ ಜಾಗ, ಅದು ಅವರ ಊರುಗಳಲ್ಲಿ ಇರಲಿಲ್ಲ.

ಹಳೆ ಬಟ್ಟೆ ಕೊಳ್ಳೋದು ಅಲ್ಲಿ ಫ್ಯಾಷನ್ ಅಂತೆ. ಆದರೆ ಕಾನೂನುಬಾಹಿರ ಅಂತಲೂ ಹೇಳ್ತಾರಲ್ಲ?

ಎರಡೂ ನಿಜ. ಬಳಸಿದ ಬಟ್ಟೆಯ ಆಮದಿಗೆ ವ್ಯಾಪಾರ ಸಚಿವಾಲಯದ 2021ರ ನಿಯಮದಲ್ಲಿ ನಿಷೇಧವಿದೆ. ಆದರೂ ಜಕಾರ್ತಾದ ಪಾಸಾರ್ ಸೆನೆನ್, ಬಾಂಡುಂಗ್‌ನ ಗೆದೆಬಾಗೆಗಳಲ್ಲಿ ರಾಶಿರಾಶಿ ಸಿಗುತ್ತದೆ. ಒತ್ತಿ ಕಟ್ಟಿದ ದೊಡ್ಡ ಬೇಲ್‌ಗಳಲ್ಲಿ ಮಾಲು ಬರುತ್ತದೆ. ವ್ಯಾಪಾರಿಗೆ ಒಳಗೇನಿದೆ ಎಂದು ಬಿಚ್ಚುವ ತನಕ ಪೂರ್ತಿ ಗೊತ್ತಿರುವುದಿಲ್ಲ. ಬೇಲ್ ಬಿಚ್ಚಿದ ದಿನ ಮೊದಲ ಆಯ್ಕೆಗೆ ಬೆಲೆ ಹೆಚ್ಚು, ದಿನ ಕಳೆದಂತೆ ಇಳಿಯುತ್ತದೆ. ಹುಷಾರಾದ ಹುಡುಗರು ಆ ಮೊದಲ ದಿನವೇ ಹೋಗಿ ಒಳ್ಳೆಯದನ್ನು ಎತ್ತಿ, ಒಗೆದು, ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಾರೆ.

ಕೊಳ್ಳುವಾಗ ಕಂಕುಳು, ಕಾಲರಿನ ಒಳಮಡಿಕೆ, ತೊಡೆಸಂದಿನ ಹೊಲಿಗೆ ನೋಡಬೇಕು. ಜಿಪ್ಪನ್ನು ಎರಡು ಸಲ ಎಳೆಯಬೇಕು. ಲೇಬಲ್ಲಿನ ಅಳತೆ ನಂಬದೆ ಟೇಪಿನಿಂದ ಎದೆಯ ಅಗಲ ಅಳೆಯಬೇಕು. ಜಪಾನಿನ ‘ಎಲ್’ ಅಮೆರಿಕದ ‘ಎಲ್’ಗಿಂತ ಚಿಕ್ಕದು. ಕಪ್ಪು ಚುಕ್ಕಿ ಚುಕ್ಕಿ ಬೂಸ್ಟು ಕಂಡರೆ ಬಿಟ್ಟುಬಿಡಿ, ಅದು ನೂಲಿನೊಳಗೆ ಇಳಿದಿರುತ್ತದೆ. ತಂದದ್ದನ್ನು ಬೇರೆ ಬಟ್ಟೆಯ ಜೊತೆ ಸೇರಿಸದೆ, ಬಟ್ಟೆ ತಡೆಯುವುದಾದರೆ 60 ಡಿಗ್ರಿ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.

ಸರ್ಕಾರ ಹೇಳುವ ಕಾರಣಗಳು ಆರೋಗ್ಯ ಮತ್ತು ಸ್ಥಳೀಯ ಉದ್ಯಮ. 2022ರ ಆಗಸ್ಟ್‌ನಲ್ಲಿ ಕರಾವಾಂಗ್‌ನಲ್ಲಿ 750 ಬೇಲ್‌ಗಳನ್ನು ಸುಡಲಾಯಿತು. ಉದ್ಯಮದ ಸಂಕಟ ನಿಜವೇ. ದೇಶದ ದೊಡ್ಡ ಜವಳಿ ಕಂಪನಿ ಸ್ರಿಟೆಕ್ಸ್ 2024ರಲ್ಲಿ ದಿವಾಳಿಯಾಗಿ 2025ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು, ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆದರೆ ಅಗ್ಗದ ಹೊಸ ಆಮದು ಬಟ್ಟೆಯನ್ನು ಬಿಟ್ಟು ಸೆನೆನ್‌ನ ಚಿಕ್ಕ ವ್ಯಾಪಾರಿಯನ್ನು ಮಾತ್ರ ಹಿಡಿದರೆ ಉದ್ಯಮ ಉಳಿಯುತ್ತದೆ ಎಂಬುದನ್ನು ನಾವು ಒಪ್ಪುವುದಿಲ್ಲ.

ಅವರು ಕೇಳೋದು ಬರೀ ಕೆ-ಪಾಪ್ ಅಲ್ವಾ?

ಕೆ-ಪಾಪ್ ಅಭಿಮಾನ ದೊಡ್ಡದು. 2021ರ ಜೂನ್‌ನಲ್ಲಿ ಬಿಟಿಎಸ್ ಹೆಸರಿನ ಊಟಕ್ಕೆ ಮುಗಿಬಿದ್ದು, ಕೋವಿಡ್ ಕಾಲದಲ್ಲಿ ಮೆಕ್‌ಡೊನಾಲ್ಡ್ಸ್‌ನ ಹಲವು ಮಳಿಗೆಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಬೇಕಾಯಿತು. ಗಂಟೆಗಟ್ಟಲೆ ಸರದಿಯಲ್ಲಿ ನಿಂತ ಬೈಕ್ ಚಾಲಕರಿಗಾಗಿ ಅದೇ ಅಭಿಮಾನಿಗಳು ಹಣ ಕೂಡಿಸಿದರು. ಈ ಸಂಘಟನೆಯ ಶಕ್ತಿ ಮುಂದೆ ರಾಜಕೀಯದಲ್ಲೂ ಕಾಣಿಸಿತು.

ಆದರೆ ಜಾವಾದ ಹುಡುಗರ ಎದೆಯೊಳಗಿನ ಹಾಡು ಬೇರೆ. ಜಾವಾನೀಸ್ ಭಾಷೆಯಲ್ಲಿ ಮುರಿದ ಪ್ರೀತಿಯನ್ನು ಹಾಡುತ್ತಿದ್ದ ಹಿರಿಯ ಗಾಯಕ ದಿದಿ ಕೆಂಪೊಟ್ 2019ರಲ್ಲಿ ಹೊಸ ಪೀಳಿಗೆಯ ಆರಾಧ್ಯರಾದರು. ಅಭಿಮಾನಿಗಳು ತಮ್ಮನ್ನು ‘ಸೋಬತ್ ಅಂಬ್ಯಾರ್’, ಚೂರುಚೂರಾದವರ ಬಳಗ, ಎಂದು ಕರೆದುಕೊಂಡರು. 2020ರ ಮೇ 5ರಂದು ಅವರು ತೀರಿಕೊಂಡರೂ ಆ ಅಲೆ ನಿಲ್ಲಲಿಲ್ಲ. ಡಾಂಗ್‌ದುತ್ ಎಂಬ ಜನಪ್ರಿಯ ಸಂಗೀತದ ವೇಗದ ಬಗೆಯಾದ ಕೊಪ್ಲೊದಲ್ಲಿ ಕೆಂಡಾಂಗ್ ಡೋಲಿನ ತಾಳ ಕೇಳಿದರೆ ನಮ್ಮವರಿಗೆ ಹೊಸದೆನಿಸುವುದಿಲ್ಲ, ಡಾಂಗ್‌ದುತ್‌ನ ಬೇರಿನಲ್ಲಿ ಹಳೆಯ ಹಿಂದಿ ಚಿತ್ರಗೀತೆಯೂ ಇದೆ.

ಗದ್ದಲದ ಸಂಗೀತಕ್ಕೂ ಅಲ್ಲಿ ಗಟ್ಟಿ ನೆಲೆ ಇದೆ. ಪಶ್ಚಿಮ ಜಾವಾದ ಗಾರುತ್‌ನ ಮೂವರು ಹಿಜಾಬುಧಾರಿ ಯುವತಿಯರ ಮೆಟಲ್ ಬ್ಯಾಂಡ್ ವಾಯ್ಸ್ ಆಫ್ ಬಾಚೆಪ್ರೊಟ್ 2024ರಲ್ಲಿ ಬ್ರಿಟನ್ನಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿತು; ಇಂಡೊನೇಷ್ಯಾದಿಂದ ಅಲ್ಲಿಗೆ ಹೋದ ಮೊದಲ ಬ್ಯಾಂಡ್ ಅದು. ಪೊಲೀಸರ ಲಂಚದ ಬಗ್ಗೆ ಹಾಡಿದ ಪುರ್ಬಲಿಂಗಾದ ಪಂಕ್ ಜೋಡಿ ಸುಕಾತನಿ 2025ರ ಫೆಬ್ರವರಿಯಲ್ಲಿ ಕ್ಷಮೆ ಕೇಳಿ ಹಾಡನ್ನು ಹಿಂತೆಗೆದುಕೊಂಡಾಗ, ವಿದ್ಯಾರ್ಥಿಗಳು ಅದನ್ನೇ ಬೀದಿಬೀದಿಯಲ್ಲಿ ಹಾಡಿದರು.

ದೋಣಿಯ ತುದಿಯಲ್ಲಿ ಕಪ್ಪು ಕನ್ನಡಕ ಹಾಕಿ ಕುಣಿದ ಹುಡುಗ ಯಾರು? ಅದು ರೀಲಿಗಾಗಿ ಮಾಡಿದ್ದಾ?

ಅಲ್ಲ. ಅದು ಸುಮಾತ್ರಾದ ರಿಯಾವ್ ಪ್ರಾಂತ್ಯದ ಕುಆಂತಾನ್ ನದಿಯಲ್ಲಿ ನಡೆಯುವ ‘ಪಾಚು ಜಾಲುರ್’ ದೋಣಿ ಸ್ಪರ್ಧೆ. ಒಂದೇ ಮರದ ದಿಮ್ಮಿಯಿಂದ ಕೊರೆದ 25ರಿಂದ 40 ಮೀಟರಿನ ದೋಣಿ, 40ಕ್ಕೂ ಹೆಚ್ಚು ಹುಟ್ಟುಗಾರರು. ಡಚ್ಚರ ಕಾಲದಲ್ಲಿ ರಾಣಿಯ ಹುಟ್ಟುಹಬ್ಬಕ್ಕೆ ನಡೆಸುತ್ತಿದ್ದರು, ಈಗ ಆಗಸ್ಟ್‌ನಲ್ಲಿ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ನಡೆಯುತ್ತದೆ. ತುದಿಯಲ್ಲಿ ಮಗುವೇ ನಿಲ್ಲುವುದಕ್ಕೆ ಕಾರಣ ಭಾರ: ದೊಡ್ಡವರು ನಿಂತರೆ ಮೂತಿ ನೀರಿಗೆ ಇಳಿದು ವೇಗ ತಗ್ಗುತ್ತದೆ. ತಮ್ಮ ದೋಣಿ ಮುಂದಿದ್ದಾಗ ಆ ಮಗು ಕುಣಿದು ದಡಕ್ಕೆ ಸುದ್ದಿ ಮುಟ್ಟಿಸುತ್ತದೆ. 2025ರ ಜುಲೈನಲ್ಲಿ 11 ವರ್ಷದ ಹುಡುಗನ ವಿಡಿಯೊ ‘ಔರಾ ಫಾರ್ಮಿಂಗ್’ (ಸಲೀಸಾಗಿ ಗತ್ತು ತೋರುವುದು) ಎಂಬ ಹೆಸರಲ್ಲಿ ಲೋಕ ಸುತ್ತಿತು. ಅದನ್ನು ಅನುಕರಿಸಿದವರಿಗೆ ನದಿಯ ಹೆಸರು ತಿಳಿದಿರಲಿಕ್ಕಿಲ್ಲ, ನಮ್ಮ ಓದುಗರಿಗಾದರೂ ತಿಳಿದಿರಲಿ.

ಮಾಬಾರ್ ಅಂದ್ರೇನು?

‘ಮೈನ್ ಬಾರೆಂಗ್’, ಜೊತೆಯಾಗಿ ಆಡುವುದು. ಹೆಚ್ಚಾಗಿ ಮೊಬೈಲ್ ಲೆಜೆಂಡ್ಸ್: ಐವರು ಐವರ ಎದುರು, ಒಂದು ಆಟ 15ರಿಂದ 20 ನಿಮಿಷ. ಅಗ್ಗದ ಫೋನಿನಲ್ಲೂ ನಡೆಯುವುದರಿಂದ ಕಂಪ್ಯೂಟರ್ ಇಲ್ಲದ ಹುಡುಗರೂ ಆಡುತ್ತಾರೆ. 2019ರ ಮೊದಲ ವಿಶ್ವಕಪ್ಪಿನ ಫೈನಲಿನಲ್ಲಿ ಎದುರಾದ ಎರಡೂ ತಂಡ ಇಂಡೊನೇಷ್ಯಾದವೇ.

## ಮನೆ, ನಂಬಿಕೆ, ಮದುವೆ

ಹೊಸ ಪೀಳಿಗೆ ಹೆಚ್ಚು ಧಾರ್ಮಿಕವಾಗ್ತಿದೆಯಾ, ಕಡಿಮೆ ಆಗ್ತಿದೆಯಾ?

ಹೆಚ್ಚು ಎದ್ದು ಕಾಣುವಂತಾಗಿದೆ. ‘ಹಿಜ್ರಾ’ (ಅರಬಿಯಲ್ಲಿ ವಲಸೆ) ಎಂಬ ಅಲೆಯಲ್ಲಿ ನಗರದ ಹುಡುಗರು ಹಳೆಯ ಚಾಳಿ ಬಿಟ್ಟು ಧರ್ಮದ ಕಡೆ ತಿರುಗುತ್ತಾರೆ. ಬಾಂಡುಂಗ್‌ನ ಪೆಮುಡಾ ಹಿಜ್ರಾ ಗುಂಪು ಸ್ಕೇಟ್‌ಬೋರ್ಡ್, ಬೈಕ್ ಗುಂಪಿನ ಹುಡುಗರನ್ನು ಅವರ ಮಾತಿನಲ್ಲೇ ಮಸೀದಿಗೆ ಕರೆಯಿತು. ಹಿಜಾಬು ಫ್ಯಾಷನ್ ಒಂದು ದೊಡ್ಡ ಉದ್ಯಮ. ಇದೇ ಹೊತ್ತಿಗೆ ರಂಜಾನ್ ಸಂಜೆಗಳು ಎಲ್ಲರದ್ದೂ ಆಗಿವೆ. ಸಂಜೆಯ ಉಪವಾಸ ಬಿಡುವ ತನಕ ತಿರುಗಾಡುವುದಕ್ಕೆ ‘ಙಾಬುಬುರಿತ್’ ಎನ್ನುತ್ತಾರೆ. 2024ರಲ್ಲಿ ಕ್ರೈಸ್ತ ಗೆಳೆಯರು ಮೊದಲೇ ಬಂದು ತಿಂಡಿ ಖಾಲಿ ಮಾಡುತ್ತಾರೆಂದು ಮುಸ್ಲಿಂ ಗೆಳೆಯರು ಕೀಟಲೆ ಮಾಡಿದ ‘ವಾರ್ ತಾಕ್‌ಜಿಲ್’ (ಉಪವಾಸ ಬಿಡುವ ತಿಂಡಿಗಾಗಿ ಕದನ) ವಿಡಿಯೊಗಳಲ್ಲಿ ಎರಡೂ ಕಡೆಯವರು ಮನಸಾರೆ ನಕ್ಕರು.

ಮದುವೆಗೆ ಯಾಕೆ ಹಿಂದೇಟು ಹಾಕ್ತಿದ್ದಾರೆ?

2018ರಲ್ಲಿ ಸುಮಾರು 20 ಲಕ್ಷ ಮದುವೆಗಳು ದಾಖಲಾಗಿದ್ದವು, 2024ರಲ್ಲಿ 15 ಲಕ್ಷಕ್ಕೂ ಕೊಂಚ ಕಡಿಮೆ. ಕಾಯ್ದೆಯ ಮದುವೆಗೆ ಖರ್ಚು ಹೆಚ್ಚೇನಿಲ್ಲ: ಮುಸ್ಲಿಮರು ಕೆಯುಎ ಎಂಬ ಸರ್ಕಾರಿ ಧಾರ್ಮಿಕ ವ್ಯವಹಾರಗಳ ಕಚೇರಿಯಲ್ಲಿ ಕೆಲಸದ ವೇಳೆಯಲ್ಲಿ ಮಾಡಿಕೊಂಡರೆ ಉಚಿತ, ಅಧಿಕಾರಿಯನ್ನು ಮನೆಗೋ ಛತ್ರಕ್ಕೋ ಕರೆಸಿದರೆ 6,00,000 ರುಪಿಯಾ. ದುಬಾರಿಯಾಗುವುದು ನೂರಾರು ಅತಿಥಿಗಳ ಊಟ. ಅದಕ್ಕಿಂತ ದೊಡ್ಡ ಕಾರಣ ಮನೆಯ ಬೆಲೆ, ತಂದೆತಾಯಿಯನ್ನೂ ತಮ್ಮ ತಂಗಿಯರನ್ನೂ ಸಾಕುವ ಹೊಣೆ. ಹೆಣ್ಣುಮಕ್ಕಳು ಮನೆಯೊಳಗಿನ ಹಿಂಸೆಯ ಸುದ್ದಿಗಳನ್ನು ತೋರಿಸಿ ‘ಮದುವೆ ಅಂದರೆ ಭಯ’ ಎಂದು 2024ರಲ್ಲಿ ಬಹಿರಂಗವಾಗಿಯೇ ಹೇಳತೊಡಗಿದರು.

ಬೇರೆ ಬೇರೆ ಧರ್ಮದ ಜೋಡಿಗೆ ದಾರಿ ಇನ್ನೂ ಕಿರಿದು. ಇಂಥ ಮದುವೆಯ ನೋಂದಣಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ನ್ಯಾಯಾಧೀಶರಿಗೆ ಸುತ್ತೋಲೆ ಹೊರಡಿಸಿತು. 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ 2026ರ ಜನವರಿ 2ರಿಂದ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಮದುವೆಯಾಗದೆ ಒಟ್ಟಿಗಿರುವುದೂ ಅಪರಾಧ. ಆದರೆ ಸಂಗಾತಿ, ತಂದೆತಾಯಿ ಅಥವಾ ಮಕ್ಕಳು ದೂರು ಕೊಟ್ಟರೆ ಮಾತ್ರ ಕ್ರಮ. ನೆರೆಯವರ ದೂರು ನಡೆಯುವುದಿಲ್ಲ.

ಓದಲು ಹೋಗ್ತಿದ್ದೇನೆ. ‘ಕೋಸ್’ ಹುಡುಕುವಾಗ ಏನೇನು ಕೇಳಬೇಕು?

ಕೋಸ್ ಅಂದರೆ ತಿಂಗಳ ಬಾಡಿಗೆಯ ಒಂಟಿ ಕೋಣೆ. ‘ಪುತ್ರಿ’ ಹೆಣ್ಣುಮಕ್ಕಳದ್ದು, ‘ಪುತ್ರ’ ಗಂಡುಮಕ್ಕಳದ್ದು, ‘ಚಾಂಪುರ್’ ಇಬ್ಬರದ್ದೂ. ಕರೆಂಟು ಬಾಡಿಗೆಯಲ್ಲಿ ಸೇರಿದೆಯೋ, ನೀವೇ ಮುಂಗಡ ದುಡ್ಡು ಕಟ್ಟಿ ಮೀಟರಿಗೆ ಟೋಕನ್ ಹಾಕಿಸಬೇಕೋ ಎಂದು ಮೊದಲು ಕೇಳಿ. ಎಸಿ ಇರುವ ಕೋಣೆಯಲ್ಲಿ ಬಜೆಟ್ ಮುರಿಯುವುದು ಇಲ್ಲೇ. ಬಚ್ಚಲು ಒಳಗೋ ಹೊರಗೋ, ಗೇಟು ಎಷ್ಟು ಗಂಟೆಗೆ ಬೀಳುತ್ತದೆ, ರೈಸ್ ಕುಕ್ಕರಿಗೆ ಬೇರೆ ದುಡ್ಡು ಕೊಡಬೇಕೋ, ಮಳೆಗಾಲದಲ್ಲಿ ಬೀದಿಗೆ ನೀರು ನುಗ್ಗುತ್ತದೋ ಕೇಳಿ. ಕೊನೆಯದನ್ನು ಮಾಲೀಕರಿಗಿಂತ ಪಕ್ಕದ ಅಂಗಡಿಯವರನ್ನು ಕೇಳುವುದು ಮೇಲು. ಫೋಟೊ ನೋಡಿ ಮುಂಗಡ ಕಳಿಸಬೇಡಿ. ಇಲ್ಲದ ಕೋಣೆಗೆ ಹಣ ಕಟ್ಟಿಸಿಕೊಳ್ಳುವ ಮೋಸ ಸಾಮಾನ್ಯ. ಅತಿಥಿ ರಾತ್ರಿ ಉಳಿದರೆ 24 ಗಂಟೆಯೊಳಗೆ ಬೀದಿಯ ಮುಖಂಡ ‘ಪಾಕ್ ಆರ್‌ಟಿ’ಗೆ ತಿಳಿಸಬೇಕೆಂಬ ಫಲಕ ಬಹುಪಾಲು ಬೀದಿಗಳಲ್ಲಿದೆ.

## ದುಡಿಮೆ, ಸಾಲ, ಸಿಟ್ಟು

ಡಿಗ್ರಿ ಇದ್ದೂ ಕೆಲಸ ಯಾಕೆ ಸಿಗಲ್ಲ?

2023ರ ಆಗಸ್ಟ್‌ನ ಸರ್ಕಾರಿ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನವರ ಪೈಕಿ ಶೇ 22.25ರಷ್ಟು, ಅಂದರೆ ಸುಮಾರು 99 ಲಕ್ಷ ಜನ ಓದೂ ಕೆಲಸವೂ ತರಬೇತಿಯೂ ಇಲ್ಲದೆ ಇದ್ದರು. ಜಾಹೀರಾತಿನಲ್ಲಿ ‘ಗರಿಷ್ಠ ವಯಸ್ಸು 25’, ‘ನೋಡಲು ಚೆನ್ನಾಗಿರಬೇಕು’, ‘ಎರಡು ವರ್ಷ ಅನುಭವ’ ಎಂಬ ಮೂರೂ ಷರತ್ತು ಒಟ್ಟಿಗೆ ಇರುವುದುಂಟು. 22ಕ್ಕೆ ಪದವಿ ಮುಗಿಸಿದವರಿಗೆ ಸಿಗುವ ಕಾಲಾವಕಾಶ ಎಷ್ಟು ಕಿರಿದು ನೋಡಿ. ಕಂಪನಿಗಳು ಮೂಲ ಪದವಿಪತ್ರವನ್ನು ಒತ್ತೆ ಇಟ್ಟುಕೊಳ್ಳುವುದೂ ಇತ್ತು. ಕಾರ್ಮಿಕ ಸಚಿವಾಲಯ 2025ರ ಮೇನಲ್ಲಿ ಈ ಎರಡೂ ಅಭ್ಯಾಸಗಳ ವಿರುದ್ಧ ಸುತ್ತೋಲೆ ಹೊರಡಿಸಿತು. ಸುತ್ತೋಲೆಗೆ ಕಾಯ್ದೆಯ ಬಲವಿಲ್ಲ.

ಕನಿಷ್ಠ ವೇತನ ಪ್ರಾಂತ್ಯಕ್ಕೊಂದು. 2025ರಲ್ಲಿ ಜಕಾರ್ತಾದಲ್ಲಿ ತಿಂಗಳಿಗೆ ಸುಮಾರು 54 ಲಕ್ಷ ರುಪಿಯಾ, ಯೋಗ್ಯಕರ್ತಾದಲ್ಲಿ ಸುಮಾರು 22.6 ಲಕ್ಷ.

ಪಿಂಜೋಲ್ ಎಂಬ ಸಾಲದ ಆ್ಯಪುಗಳ ಬಲೆಗೆ ಹೇಗೆ ಬೀಳ್ತಾರೆ?

ಫೋನು, ಕನ್ಸರ್ಟ್ ಟಿಕೆಟ್ಟು, ಮನೆಯ ಆಸ್ಪತ್ರೆ ಬಿಲ್ಲು: ಕಾರಣ ಯಾವುದೇ ಇರಲಿ, ಹತ್ತು ನಿಮಿಷದಲ್ಲಿ ಹಣ ಬರುತ್ತದೆ. ಹಣಕಾಸು ಪ್ರಾಧಿಕಾರ ಓಜೆಕೆ 2024ರಿಂದ ಬಳಕೆಯ ಸಾಲಕ್ಕೆ ದಿನಕ್ಕೆ ಶೇ 0.3ರ ಮಿತಿ ಹಾಕಿದೆ. ಕೇಳಲು ಚಿಕ್ಕದು, ಮೂವತ್ತು ದಿನಕ್ಕೆ ಶೇ 9. ಪರವಾನಗಿ ಇಲ್ಲದವರು ಯಾವ ಮಿತಿಯನ್ನೂ ಲೆಕ್ಕಿಸುವುದಿಲ್ಲ. ಗುರುತಿಸುವ ಸುಲಭ ದಾರಿ: ಪರವಾನಗಿ ಇರುವ ಆ್ಯಪು ನಿಮ್ಮ ಫೋನಿನ ಕ್ಯಾಮೆರಾ, ಮೈಕು, ಸ್ಥಳ ಇಷ್ಟನ್ನು ಮಾತ್ರ ಕೇಳಬಹುದು. ಸಂಪರ್ಕಪಟ್ಟಿಯನ್ನೋ ಫೋಟೊಗಳನ್ನೋ ಕೇಳಿದರೆ ಅಳಿಸಿಹಾಕಿ. ಕಂತು ತಪ್ಪಿದ ದಿನ ಅದೇ ಪಟ್ಟಿಯಲ್ಲಿರುವ ನಿಮ್ಮ ಮೇಷ್ಟ್ರಿಗೂ ಬಂಧುಗಳಿಗೂ ಫೋನು ಹೋಗುತ್ತದೆ. ಅನುಮಾನವಿದ್ದರೆ 157ಕ್ಕೆ ಕರೆ ಮಾಡಿ ಕೇಳಬಹುದು. ಒಂದು ಸಾಲ ತೀರಿಸಲು ಇನ್ನೊಂದು ಆ್ಯಪು ತೆರೆದಾಗಲೇ, ಅಥವಾ ಗೆದ್ದು ತೀರಿಸುತ್ತೇನೆಂದು ‘ಜುದೋಲ್’ ಎಂಬ ಆನ್‌ಲೈನ್ ಜೂಜಿಗೆ ಇಳಿದಾಗಲೇ ಕುಣಿಕೆ ಬಿಗಿಯಾಗುವುದು.

‘ಕಾಬುರ್ ಆಜಾ ದುಲು’ ಅಂದರೆ ದೇಶ ಬಿಟ್ಟು ಓಡಿಹೋಗೋದಾ?

‘ಸದ್ಯಕ್ಕೆ ಓಡಿಬಿಡೋಣ’ ಎಂಬ ಈ ಮಾತು 2025ರ ಫೆಬ್ರವರಿಯಲ್ಲಿ ಹರಡಿತು. ಸಿಟ್ಟಿನ ಮಾತಾದರೂ ಅದರಡಿ ನಡೆದದ್ದು ಬಹಳ ಉಪಯುಕ್ತವಾದ ಮಾಹಿತಿ ವಿನಿಮಯ. ಜಪಾನಿನ ನಿರ್ದಿಷ್ಟ ಕೌಶಲ ವೀಸಾಗೆ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಎಂಬ ಜಪಾನಿ ಭಾಷಾ ಪರೀಕ್ಷೆ, ಜೊತೆಗೆ ವೃತ್ತಿ ಪರೀಕ್ಷೆ. ಜರ್ಮನಿಯ ಔಸ್‌ಬಿಲ್ಡುಂಗ್ ಎಂಬ ವೃತ್ತಿ ತರಬೇತಿಗೆ ಸಾಮಾನ್ಯವಾಗಿ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್. ಆಸ್ಟ್ರೇಲಿಯಾದಲ್ಲಿ ಸುತ್ತಾಡುತ್ತಾ ಕೆಲಸವನ್ನೂ ಮಾಡಲು ಬಿಡುವ 462 ವೀಸಾಗೆ ವಯಸ್ಸು 18ರಿಂದ 30, ಜೊತೆಗೆ ಇಂಡೊನೇಷ್ಯಾ ಸರ್ಕಾರದ ಶಿಫಾರಸು ಪತ್ರ. ಪತ್ರದ ಸಂಖ್ಯೆ ಸೀಮಿತ, ಜಾಲತಾಣ ತೆರೆದ ಕೂಡಲೇ ನೂಕುನುಗ್ಗಲು. ತಪ್ಪುವುದು ದಲ್ಲಾಳಿಗಳನ್ನು ನಂಬಿದಾಗ. ‘ಗ್ರಾಹಕ ಸೇವೆ, ಕಾಂಬೋಡಿಯಾ, ಟಿಕೆಟ್ ಉಚಿತ’ ಎಂದು ನಂಬಿಸಿ ಆನ್‌ಲೈನ್ ವಂಚನೆಯ ಕೇಂದ್ರಗಳಿಗೆ ಸಾಗಿಸಿದ ಪ್ರಕರಣಗಳು ಬಹಳ, ಅಲ್ಲಿ ಸಿಕ್ಕಿಬಿದ್ದವರಲ್ಲಿ ಭಾರತದ ಯುವಕರೂ ಇದ್ದರು.

2025ರ ಆಗಸ್ಟ್‌ನಲ್ಲಿ ಬೀದಿಗಿಳಿದದ್ದು ಯಾಕೆ? ಆ ಕಾರ್ಟೂನ್ ಬಾವುಟ, ಗುಲಾಬಿ ಮತ್ತು ಹಸಿರು ಬಣ್ಣ ಏನು?

ಮೊದಲು ಬಾವುಟ. ಜಪಾನಿನ ‘ಒನ್ ಪೀಸ್’ ಕಥೆಯ ಹುಲ್ಲಿನ ಟೋಪಿಯ ತಲೆಬುರುಡೆ, ಭ್ರಷ್ಟ ಆಳ್ವಿಕೆಯ ವಿರುದ್ಧ ನಿಂತ ಕಡಲ್ಗಳ್ಳರ ಗುರುತು. ಸ್ವಾತಂತ್ರ್ಯೋತ್ಸವಕ್ಕೆ ಮುಂಚೆ ಲಾರಿ ಚಾಲಕರು ಅದನ್ನು ಹಾರಿಸತೊಡಗಿದರು, ಆಮೇಲೆ ಮನೆಗಳ ಮೇಲೂ ಬಂತು. ಕೆಲವು ಅಧಿಕಾರಿಗಳು ದೇಶದ್ರೋಹದ ಮಾತೆತ್ತಿದ ಮೇಲೆ ಇನ್ನಷ್ಟು ಹರಡಿತು.

ಸಂಸದರಿಗೆ ತಿಂಗಳಿಗೆ 5 ಕೋಟಿ ರುಪಿಯಾ ವಸತಿ ಭತ್ಯೆ ಎಂಬ ಸುದ್ದಿ ಕಿಡಿ ಹೊತ್ತಿಸಿತು; ಅದು ಜಕಾರ್ತಾದ ಕನಿಷ್ಠ ವೇತನದ ಒಂಬತ್ತು ಪಟ್ಟಿಗೂ ಮೇಲು. ಆಗಸ್ಟ್ 25ರಂದು ಪ್ರತಿಭಟನೆ ಶುರುವಾಯಿತು. 28ರ ರಾತ್ರಿ ಪೊಲೀಸರ ಕವಚದ ವಾಹನ 21 ವರ್ಷದ ಬೈಕ್ ಟ್ಯಾಕ್ಸಿ ಚಾಲಕನ ಮೇಲೆ ಹರಿದು ಅವನು ಸತ್ತ. ಅಲ್ಲಿಂದ ಸಿಟ್ಟು ದೇಶದ ತುಂಬ ಹಬ್ಬಿತು. ಹಸಿರು ಆ ಚಾಲಕರ ಜಾಕೆಟಿನ ಬಣ್ಣ. ಗುಲಾಬಿ, ಪೊಲೀಸರ ಸಾಲಿಗೆ ಎದುರಾಗಿ ನಿಂತ ಮಧ್ಯವಯಸ್ಸಿನ ಮಹಿಳೆಯೊಬ್ಬರ ಹಿಜಾಬಿನದು.

ಯುವ ಬರಹಗಾರರೂ ಕಾರ್ಯಕರ್ತರೂ ‘17+8’ ಎಂಬ ಬೇಡಿಕೆಪಟ್ಟಿ ಕಟ್ಟಿದರು: 17ಕ್ಕೆ ಗಡುವು 2025ರ ಸೆಪ್ಟೆಂಬರ್ 5, ಉಳಿದ 8ಕ್ಕೆ ಒಂದು ವರ್ಷ. ಚದುರಿದ ಸಿಟ್ಟನ್ನು ದಿನಾಂಕ ಹಾಕಿದ ಪಟ್ಟಿಯಾಗಿ ಬದಲಿಸಿದ್ದು ಈ ಪೀಳಿಗೆಯ ನಿಜವಾದ ಸಾಧನೆ ಎಂದು ನಾವು ತಿಳಿಯುತ್ತೇವೆ. ವಸತಿ ಭತ್ಯೆ ರದ್ದಾಯಿತು. ಪೊಲೀಸ್ ಸುಧಾರಣೆಯಂಥ ದೊಡ್ಡ ಬೇಡಿಕೆಗಳಿಗೆ ಅಷ್ಟು ಬೇಗ ಉತ್ತರ ಸಿಗಲಿಲ್ಲ.

ಇದು ಹೊಸದಾ? ಮೊದಲೂ ವಿದ್ಯಾರ್ಥಿಗಳೇ ಸರ್ಕಾರ ಕೆಡವಿದ್ದರಲ್ಲ?

1928ರ ಅಕ್ಟೋಬರ್ 28ರಂದು ಒಂದೇ ನಾಡು, ಒಂದೇ ಜನ, ಒಂದೇ ಭಾಷೆ ಎಂದು ಪ್ರತಿಜ್ಞೆ ಮಾಡಿದವರೂ ಯುವಕರೇ. 1998ರ ಮೇ 12ರಂದು ತ್ರಿಸಕ್ತಿ ವಿಶ್ವವಿದ್ಯಾಲಯದಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಒಂಬತ್ತು ದಿನಗಳಲ್ಲಿ, ಮೇ 21ರಂದು, ಅಧ್ಯಕ್ಷ ಸುಹಾರ್ತೊ ಅಧಿಕಾರದಿಂದ ಇಳಿದರು. ಅಂದಿನವರನ್ನು ಕೂಡಿಸಿದ್ದು ಕ್ಯಾಂಪಸ್ ಸಂಘಟನೆ. ಇಂದು ಕ್ಯಾಂಪಸ್ಸಿನ ಜೊತೆಗೆ ಬೈಕ್ ಚಾಲಕರ ವಾಟ್ಸಾಪ್ ಗುಂಪು, ಕೆ-ಪಾಪ್ ಅಭಿಮಾನಿಗಳ ಖಾತೆಗಳೂ ಸೇರಿವೆ. ಸುದ್ದಿ ಬೇಗ ಮುಟ್ಟುತ್ತದೆ, ಆದರೆ ಮಾತುಕತೆಗೆ ಕೂರುವ ಒಬ್ಬ ಮುಖಂಡನನ್ನು ಹುಡುಕುವುದು ಕಷ್ಟ.

ಮುಂದೆ ಇದನ್ನೆಲ್ಲ ಗಮನಿಸಬೇಕಿದ್ದರೆ ಹೇಗೆ?

ಅಂಕಿಸಂಖ್ಯೆಗೆ ಬಿಪಿಎಸ್ ಎಂಬ ಕೇಂದ್ರ ಅಂಕಿಅಂಶ ಇಲಾಖೆ ನೋಡಿ. ಉದ್ಯೋಗ ಸಮೀಕ್ಷೆಯ ಮುಖ್ಯ ಸುತ್ತುಗಳು ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳದ್ದು; ಫೆಬ್ರವರಿಯದನ್ನು ಹಿಂದಿನ ಆಗಸ್ಟ್ ಜೊತೆ ಹೋಲಿಸಬೇಡಿ, ಸುಗ್ಗಿ ಮತ್ತು ಶಾಲಾ ವರ್ಷದ ಏರಿಳಿತ ನಡುವೆ ಬರುತ್ತದೆ. ಹೊಸ ಅಲೆಯೊಂದು ಕಂಡಾಗ ಅದು ಜಕಾರ್ತಾದ ಹೊರಗೂ ಇದೆಯೇ ಎಂದು ಪರೀಕ್ಷಿಸಲು ಅದೇ ಪದದ ಜೊತೆ ಮೆಡಾನ್, ಸುರಬಾಯಾ, ಮಕಾಸ್ಸರ್ ಹೆಸರು ಸೇರಿಸಿ ಟಿಕ್‌ಟಾಕ್‌ನಲ್ಲಿ ಹುಡುಕಬಹುದು. ಭಾರತದಲ್ಲಿ ಟಿಕ್‌ಟಾಕ್ 2020ರಿಂದ ನಿಷೇಧವಾಗಿರುವುದರಿಂದ ಇಲ್ಲಿಂದ ನೋಡುವವರು ಇನ್‌ಸ್ಟಾಗ್ರಾಮ್ ಮತ್ತು ಎಕ್ಸ್‌ನಲ್ಲೇ ಹುಡುಕಬೇಕಾಗುತ್ತದೆ. ಆಗ ಸಿಗುವ ಚಿತ್ರ ಸ್ವಲ್ಪ ನಗರದ ಕಡೆಗೆ, ಸ್ವಲ್ಪ ಉಳ್ಳವರ ಕಡೆಗೆ ವಾಲಿರುತ್ತದೆ.